ಹೊರದೇಶದವರಿಗೆ ಮುಚ್ಚಿದ ಪುಟ

ಕಾರವಾರ ಮೇಲೂರು,
೨೧೭೪ರ ಫೆಬ್ರವರಿ ಮೂವತ್ತು

ಶೀಲಾ ತಾಂಡೇಲ ಅವರಿಗೆ, ನಿಮ್ಮ ಮರಿಮಗಳ ಮರಿಮಗಳು ಕುಮುದಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದ್ದಾರೆ. ನಿಮಗಿನ್ನೂ ಮೂವತ್ತನಾಲ್ಕು ವರ್ಷ, ನನಗೆ ಐವತ್ತೊಂದು. ಹಾಗಿದ್ದೂ ನಿಮ್ಮನ್ನು ಅಜ್ಜಿ ಎಂದು ಕರೆಯಬೇಕಾಗಿದೆ, ಕ್ಷಮಿಸಿ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ನೀವು ಶುರುಮಾಡಿದ ಮೀನಿನ ವೆಬ್‌ಸೈಟು ಈಗಲೂ ಇದೆ. ಯಾವ ಮೀನು ತಿನ್ನಬಹುದು, ಯಾವುದು ವಿಷ, ಮುಳ್ಳು ಚುಚ್ಚಿದರೆ ಏನು ಮಾಡಬೇಕು, ಎಲ್ಲವೂ ನೀವು ಬರೆದ ಹಾಗೇ ಇವೆ. ಅದನ್ನು ನಾನು, ನನ್ನ ಅಣ್ಣ ದಯಾನಂದ ನೋಡಿಕೊಳ್ಳುತ್ತೇವೆ. ಹಳೆಯ ಪೇಟೆಗೆ ನೀರು ಬಂದ ಮೇಲೆ ಊರು ಗುಡ್ಡ ಹತ್ತಿತು. ನಮ್ಮ ಕಿಟಕಿಯಿಂದ ನೋಡಿದರೆ ನಿಮ್ಮ ಕಾಲದ ಮನೆಗಳ ತಾರಸಿಗಳ ಮೇಲೆ ಬಲೆ ಒಣಹಾಕಿರುವುದು ಕಾಣುತ್ತದೆ. ಹೊಟ್ಟೆಪಾಡು ಮಾತ್ರ ನಿಮ್ಮ ಹಾಗೆಯೇ: ಪುಟದ ಬದಿಯಲ್ಲಿ ಜಾಹೀರಾತು, ಓದುಗರು ಅದನ್ನು ಒತ್ತಿದರೆ ನಮಗಿಷ್ಟು. ಇಲ್ಲಿ ಪ್ರತಿ ಓದುಗನ ಜೊತೆಗೂ ಅವನ ‘ಊರುಗುರುತು’ ಬರುತ್ತದೆ, ಅಂದರೆ ಅವನು ಯಾವ ನೆಲದಲ್ಲಿ ನಿಂತು ಓದುತ್ತಿದ್ದಾನೆ ಎಂಬ ಮುದ್ರೆ. ಅದನ್ನು ನೋಡಿ ಅವನ ದೇಶದ ಜಾಹೀರಾತು, ಅವನದೇ ಭಾಷೆಯಲ್ಲಿ, ತಾನಾಗಿ ಬಂದು ಕೂರುತ್ತದೆ. ಪುಟ ಮಾತ್ರ ಕನ್ನಡದಲ್ಲೇ ಇರುತ್ತದೆ.

ಈ ಒಂದು ವಿಷಯ ನನಗೆ ಮೊದಲೇ ಹೊಳೆಯಬೇಕಿತ್ತು.

ಕಳೆದ ನವೆಂಬರಿನ ಒಂದು ಮಧ್ಯಾಹ್ನ, ಊಟಕ್ಕೆ ಏಳುವ ಹೊತ್ತಿಗೆ, ಮೊಜಾಂಬಿಕ್ ಕರಾವಳಿಯ ಒಂದೇ ಹಳ್ಳಿಯಿಂದ ಅರವತ್ತು ಚಿಲ್ಲರೆ ಜನ ಒಟ್ಟಿಗೆ ನಮ್ಮ ಪುಟಕ್ಕೆ ಬಂದರು. ಹೊಟ್ಟೆ ಉಬ್ಬಿಸಿಕೊಳ್ಳುವ ವಿಷಮೀನಿನ ಪುಟ ಅದು. ಎಲ್ಲರೂ ಒಂದೇ ಜಾಹೀರಾತನ್ನು ಮತ್ತೆ ಮತ್ತೆ ಒತ್ತುತ್ತಿದ್ದರು.

ಅಣ್ಣನ ಮುಖ ಬಿಳಿಚಿಕೊಂಡಿತು. “ಇದು ಕಳ್ಳ ಕ್ಲಿಕ್ಕು ಕುಮುದಾ, ದುಡ್ಡಿಗೋಸ್ಕರ ಸುಮ್ಮನೆ ಒತ್ತಿಸೋದು. ಬಾಗಿಲು ಹಾಕು ಮೊದಲು.”

“ಸ್ವಲ್ಪ ನೋಡೋಣ ಅಣ್ಣಾ. ಒಂದೇ ಹಳ್ಳಿಯವರು...”

“ನೋಡುತ್ತಾ ಕೂತರೆ ಜಾಹೀರಾತು ಕಂಪನಿಯವರು ನಮ್ಮನ್ನೇ ಕಿತ್ತು ಹಾಕುತ್ತಾರೆ. ಆಮೇಲೆ ಏನು ತಿನ್ನೋದು?”

ಅಣ್ಣ ಕೆಟ್ಟವನಲ್ಲ. ಹಿಂದಿನ ವರ್ಷ ಪಕ್ಕದ ಮನೆಯವರ ಸೈಟು ಹೀಗೇ ಹೋಗಿತ್ತು. ನಾನೂ ಹೆದರಿದೆ. ಒಂದು ಗುಂಡಿ ಒತ್ತಿದೆ. ಆ ಕಡೆಯವರಿಗೆಲ್ಲ ‘ಈ ಪುಟ ನಿಮ್ಮ ಊರಿಗೆ ಇಲ್ಲ’ ಎಂಬ ಸಾಲು ಬಂತು. ನಾವು ಊಟ ಮಾಡಿದೆವು.

ನಾಲ್ಕು ದಿನದ ಮೇಲೆ ಒಂದು ಕರೆ ಬಂತು. ಅಂಕೋಲೆ ಕಡೆಯ ಹೆಂಗಸಿನ ದನಿ, ಆದರೆ ಕರೆ ಮೊಜಾಂಬಿಕ್‌ನ ಆ ಹಳ್ಳಿಯಿಂದ.

“ಅಕ್ಕ, ನಾ ಫಿಲೋಮಿನಾ. ಇಲ್ಲಿ ಶಾಲೆಯಲ್ಲಿ ಟೀಚರ್. ನಿಮ್ಮ ನಂಬರು ಹುಡುಕೋದಕ್ಕೇ ಇಷ್ಟು ದಿನ ಆಯ್ತು.”

ಆ ಹಳ್ಳಿಯಲ್ಲಿ ಅಮಾದೆ ಎಂಬ ದೋಣಿ ಬಡಗಿ ವಿಷಮೀನು ತಿಂದಿದ್ದ. ಮೊದಲು ತುಟಿ ಮರಗಟ್ಟಿತು, ಆಮೇಲೆ ಕೈಕಾಲು. ಆಸ್ಪತ್ರೆ ದೋಣಿಯಲ್ಲಿ ಒಂದು ದಿನದ ದಾರಿ. ಜನರು ಮೀನಿನ ಚಿತ್ರ ಹಿಡಿದು ಹುಡುಕಿದಾಗ ನೀವು ತೆಗೆದ ಫೋಟೋ ಸಿಕ್ಕಿತು. ಪುಟದಲ್ಲಿ ಅವರಿಗೆ ಒಂದಕ್ಷರವೂ ತಿಳಿಯದು. ಅವರಿಗೆ ಓದಲು ಬರುವ ಪೋರ್ಚುಗೀಸಿನಲ್ಲಿ ಇದ್ದದ್ದು ಒಂದೇ ಸಾಲು: ‘ಸಹಾಯ ಬೇಕೆ? ಇಲ್ಲಿ ಒತ್ತಿ.’ ಅದು ದೋಣಿಯ ಎಂಜಿನ್ ಮಾರುವವರ ಜಾಹೀರಾತು. ಒಳಗೆ ಹೋಗುವ ದಾರಿ ಅದೇ ಎಂದುಕೊಂಡು, ಇದ್ದ ಫೋನುಗಳನ್ನೆಲ್ಲ ತೆಗೆದು ಎಲ್ಲರೂ ಅದನ್ನೇ ಒತ್ತಿದ್ದರು.

“ಕನ್ನಡದ ಪುಟ ಅಂತ ಯಾರೋ ಗುರುತು ಹಿಡಿದು ನನ್ನನ್ನ ಕರೆಸಿದ್ರು. ಓಡಿ ಬಂದೆ. ಅಷ್ಟೊತ್ತಿಗೆ ಪುಟ ತೆರೀಲಿಲ್ಲ” ಎಂದಳು. “ಚಿಕ್ಕಂದಿನಲ್ಲಿ ಅವ್ವ ಈ ಪುಟ ಓದಿ ಹೇಳಿದ್ದು ಅರೆಬರೆ ನೆನಪಿತ್ತು. ಬಾಯಿಗೆ ಬಾಯಿಟ್ಟು ಉಸಿರು ಕೊಡಿ ಅಂದೆ. ಸರದಿ ಮೇಲೆ ಕೊಟ್ರು. ಅವನು ಅಲುಗಾಡ್ಲಿಲ್ಲ. ಹಿರಿಯರು ಸಾಕು ಬಿಡಿ ಅಂದ್ರು. ಅಕ್ಕ, ಯಾವಾಗ ನಿಲ್ಲಿಸ್ಬೇಕು ಅಂತ ನಿಮ್ಮ ಪುಟದಲ್ಲಿ ಬರ್ದಿತ್ತಾ?”

ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿಯೂ ತೆರೆದೆ.

“ಬರೆದಿತ್ತು” ಎಂದೆ.

“ಏನಂತ?”

ಓದಿದೆ. ನಿಮ್ಮದೇ ಮಾತು ಅಜ್ಜಿ: ‘ಅವನು ಸತ್ತಂತೆ ಕಾಣುತ್ತಾನೆ, ಆದರೆ ನಿಮ್ಮ ಮಾತು ಅವನಿಗೆ ಕೇಳಿಸುತ್ತಿರಬಹುದು. ವೈದ್ಯರು ಬರುವವರೆಗೆ ಉಸಿರು ಕೊಡುವುದನ್ನು ನಿಲ್ಲಿಸಬೇಡಿ. ಒಂದು ಹಗಲು ಒಂದು ರಾತ್ರಿ ಆದರೂ ಸರಿ.’

“ನಾವು ಎರಡು ಗಂಟೆ ಕೊಟ್ವಿ” ಎಂದಳು. ಬೈಯಲಿಲ್ಲ, ಅಳಲೂ ಇಲ್ಲ.

ಉಸಿರು ಕೊಡುತ್ತಲೇ ಇದ್ದಿದ್ದರೆ ಅಮಾದೆ ಬದುಕುತ್ತಿದ್ದನೋ ಇಲ್ಲವೋ, ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗುವಂತಿಲ್ಲ. ಕರೆ ಬಂದ ಮೂರನೆಯ ದಿನ ಬೆಳಿಗ್ಗೆ ಅಣ್ಣ ನನಗಿಂತ ಮೊದಲು ಎದ್ದು ಕೂತು ಬಾಗಿಲುಗಳನ್ನೆಲ್ಲ ತೆರೆದ. ಆಮೇಲೆ ಕಂಪನಿಗೆ ಕರೆ ಮಾಡಿ, ನೀವು ನಮ್ಮನ್ನು ತೆಗೆದುಹಾಕುವುದಾದರೆ ಹಾಕಿ ಎಂದು ಕೂಗಾಡಿದ. ಆ ಕಡೆಯ ಹೆಂಗಸು ತಾಳ್ಮೆಯಿಂದ ಕೇಳಿಸಿಕೊಂಡು ಅಂದಳಂತೆ: “ಹೊರದೇಶದ ಸುಳ್ಳು ಕ್ಲಿಕ್ಕು ಬೇಡ ಅಂದಿದ್ದೇವೆ ಸರ್. ಅಲ್ಲಿಯವರು ಓದಬಾರದು ಅಂತ ನಾವು ಯಾವತ್ತು ಹೇಳಿದ್ದೇವೆ? ಅವರಿಗೆ ಜಾಹೀರಾತು ತೆಗೆದು ಪುಟ ತೋರಿಸಿ.” ಇಷ್ಟು ಸಲೀಸಾಗಿತ್ತು.

ಹಾಗಾದರೆ ಆ ಗುಂಡಿ ಎಲ್ಲಿಂದ ಬಂತು ಎಂದು ಹಳೆಯ ದಾಖಲೆ ಕೆದಕಿದೆ. ನೀವೇ ಹಾಕಿದ್ದು ಅಜ್ಜಿ. ನಿಮ್ಮ ೨೦೨೭ರ ಜುಲೈ ಆರರಂದು ಎರಡೇ ಪದ: ‘ಹೊರದೇಶ ಬಂದ್.’ ಆಮೇಲೆ ಬಂದವರೆಲ್ಲ, ನಾನೂ ಸೇರಿ, ಹೆದರಿದಾಗಲೆಲ್ಲ ಅದನ್ನೇ ಒತ್ತುತ್ತ ಬಂದೆವು.

ಆ ದಿನ ನಿಮಗಿನ್ನೂ ಬಂದಿಲ್ಲ. ಬರುತ್ತದೆ. ಹೊರಗಿನಿಂದ ಇದ್ದಕ್ಕಿದ್ದ ಹಾಗೆ ಕ್ಲಿಕ್ಕುಗಳು ಬರುತ್ತವೆ, ಕಂಪನಿಯಿಂದ ಎಚ್ಚರಿಕೆಯ ಪತ್ರ ಬರುತ್ತದೆ, ನೀವು ಹೆದರುತ್ತೀರಿ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ಆ ಹೆದರಿಕೆ ನನಗೆ ಚೆನ್ನಾಗಿ ಗೊತ್ತು. ದಯವಿಟ್ಟು ಆಗ ಹೊರಗಿನವರಿಗೆ ಜಾಹೀರಾತು ಮಾತ್ರ ತೆಗೆದುಹಾಕಿ, ಪುಟ ಮುಚ್ಚಬೇಡಿ. ಜೊತೆಗೆ ಮೇಲೊಂದು ಸಾಲು, ‘ಉಸಿರು ಕೊಡುವುದನ್ನು ನಿಲ್ಲಿಸಬೇಡಿ’ ಎಂದು, ಅವರ ಭಾಷೆಯಲ್ಲಿ ಹಾಕಿ. ನಾವು ಈಗ ಹಾಗೆ ಮಾಡಿದ್ದೇವೆ. ಪೋರ್ಚುಗೀಸಿನ ಸಾಲು ಬರೆದುಕೊಟ್ಟವಳು ಫಿಲೋಮಿನಾ. ಅಮಾದೆಯ ಹೆಂಡತಿ ಪಕ್ಕದಲ್ಲಿ ಕೂತು ತಿದ್ದಿಸಿದಳಂತೆ.

ಇದನ್ನು ಬರೆಯುತ್ತಿರುವಾಗ ಹೆಸರೇ ಕೇಳದ ಒಂದು ದ್ವೀಪದಿಂದ ಯಾರೋ ಒಬ್ಬರು ವಿಷಮೀನಿನ ಪುಟ ತೆರೆದಿದ್ದಾರೆ. ನಲವತ್ತು ನಿಮಿಷವಾಯಿತು, ಇನ್ನೂ ಮುಚ್ಚಿಲ್ಲ. ಅಣ್ಣ ಊಟಕ್ಕೆ ಕರೆಯುತ್ತಿದ್ದಾನೆ. ನನಗೆ ಏಳಲಾಗುತ್ತಿಲ್ಲ.

ನಿಮ್ಮ,
ಕುಮುದಾ