ಬ್ಯಾರನ್ ಬಾಗಿಲು ತೆಗೆಯಬೇಡ ಎಂದವಳಿಗೆ

ಪ್ರೀತಿಯ ಮಾರಮ್ಮತ್ತೆಗೆ,

ನಾನು ಆರೋಗ್ಯವಾಗಿದ್ದೇನೆ. ಎಲ್ಲರೂ ಕಾಗದದ ಮೊದಲ ಸಾಲಿನಲ್ಲಿ ರೂಢಿಗೆ ಬರೆಯುವ ಈ ಮಾತನ್ನು ಬರೆಯಲು ನನಗೆ ಎರಡು ವರ್ಷ ಹಿಡಿಯಿತು. ಈಗಲೂ ಬರೆದ ಕೂಡಲೇ ಬಲಗೈ ಎಡಗೈಯ ನಾಡಿಯ ಕಡೆಗೆ ಹೊರಟಿತ್ತು. ಗದರಿಸಿ ವಾಪಸು ಕರೆದೆ.

ಎನ್. ಬೇಗೂರಿನ ಶಾಲೆಗೆ ಟೀಚರಾಗಿ ಬಂದು ಐದು ತಿಂಗಳಾಯಿತು. ಫೋನು ಮಾಡಿದರೆ ನೀನು "ಉಂಡ್ಯಾ? ಚೆಂದಾಗಿದ್ದೀಯಾ? ಮಡಗ್ಲಾ?" ಎಂದು ಮೂರು ಮಾತಿಗೆ ಮುಗಿಸುತ್ತೀಯ. ಹೊಗಳಿದರಂತೂ ಕಟ್ ಮಾಡಿಯೇ ಬಿಡುತ್ತೀಯ. ಕಾಗದವನ್ನು ಕಟ್ ಮಾಡಲಾರೆಯಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಓದಲು ಬಾರದೆಂಬುದು ಮರೆತಿಲ್ಲ. ಓದಿ ಹೇಳುವವರನ್ನು ನಾನೇ ಗೊತ್ತುಮಾಡಿ ಕಳಿಸಿದ್ದೇನೆ, ಮುಗಿಯುವವರೆಗೂ ಏಳುವುದಿಲ್ಲ ಎಂದು ಮಾತು ತೆಗೆದುಕೊಂಡಿದ್ದೇನೆ. ನೀನೂ ಒಲೆ, ಸೌದೆ ಎಂದು ನಡುವೆ ಏಳಬೇಡ.

ಮೊದಲು ಆ ಭಾನುವಾರದ್ದು. ನಿನಗೆ ಗೊತ್ತಿರುವುದೇ, ಆದರೂ ಒಮ್ಮೆ ಪೂರ್ತಿಯಾಗಿ ಹೇಳಬೇಕು. ನಾನು ಮೈಸೂರಿನಲ್ಲಿ ಬಿ.ಇಡಿ. ಓದುತ್ತಿದ್ದೆ. ಗೆಳತಿಯೊಬ್ಬಳ ಹುಟ್ಟುಹಬ್ಬದ ಊಟ ಮುಗಿದ ಮೇಲೆ ಯಾರೋ ಚಾಕೊಲೇಟು ಹಂಚಿದರು. ಅದರಲ್ಲಿ ಗಾಂಜಾ ಇದೆ ಎಂದು ಹೇಳಿಯೇ ಕೊಟ್ಟರು. ನಾನು ಗೊತ್ತಿದ್ದೇ ತಿಂದೆ. ಅರ್ಧ ಗಂಟೆಯಾದರೂ ಏನೂ ಆಗಲಿಲ್ಲವೆಂದು ಜಂಬದಿಂದ ಇನ್ನೊಂದು ತಿಂದೆ. ಆಮೇಲೆ ಎದೆ ಹೊಡೆದುಕೊಳ್ಳಲು ಶುರುವಾದದ್ದು ನಿಲ್ಲಲೇ ಇಲ್ಲ. ಕೈಕಾಲು ತಣ್ಣಗಾದವು. ಗಡಿಯಾರ ನೋಡಿದರೆ ಮೂರೂ ಹತ್ತು. ಎಷ್ಟೋ ಕಾಲ ಕಳೆದಂತಾಗಿ ಮತ್ತೆ ನೋಡಿದರೆ ಮೂರೂ ಹನ್ನೊಂದು. ಸಾಯುತ್ತಿದ್ದೇನೆ ಎಂಬುದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಗೆಳತಿಯರು ಆಸ್ಪತ್ರೆಗೆ ಸೇರಿಸಿ, ಊಟ ಹಿಡಿಸಲಿಲ್ಲ ಎಂದು ಸುಳ್ಳು ಹೇಳಿದರು. ಅಲ್ಲಿಯವರು ಸಂಜೆಯವರೆಗೆ ಮಲಗಿಸಿ ಕಳಿಸಿದರು. ಗಾಂಜಾ ಅಂದೇ ಇಳಿಯಿತು, ಭಯ ಮಾತ್ರ ನನ್ನ ಜೊತೆ ಬಸ್ಸು ಹತ್ತಿ ಕಟ್ಟೆಮಳಲವಾಡಿಗೆ ಬಂತು.

ಮಾರನೆಯ ದಿನ, ನೀನು ಕೆಲಸ ಮಾಡುವ ಶಿವನಂಜಪ್ಪನವರ ಬ್ಯಾರನ್, ಅಂದರೆ ಹೊಗೆಸೊಪ್ಪು ಬೇಯಿಸುವ ಮನೆಯ ಹಿಂದೆ ನಿಂತು ನಿನ್ನೊಬ್ಬಳ ಮುಂದೆ ಎಲ್ಲವನ್ನೂ ಹೇಳಿಕೊಂಡು ಅತ್ತುಬಿಟ್ಟೆ. "ಇನ್ನೊಂದ್ಸಲ ತಿಂದ್ರೆ ಕಾಲ್ ಮುರೀತೀನಿ" ಎಂದು ನೀನು ನನ್ನ ತಲೆ ಸವರಿದೆ, ಅಷ್ಟೇ. ಮನೆಯಲ್ಲಿ ಅಪ್ಪ ನನ್ನ ಬಿಳಿಚಿದ ಮುಖ ನೋಡಿ ಬಿಡಲಿಲ್ಲ. ಏನು ತಿಂದೆ, ಯಾರ ಜೊತೆ ಇದ್ದೆ ಎಂದು ಕೇಳುತ್ತಲೇ ಹೋದರು. ಓದು ಬಿಡಿಸುತ್ತಾರೆಂದು ನನಗೆ ಹೆದರಿಕೆ. ಆಗ ಹೊಸಿಲಲ್ಲಿ ನಿಂತಿದ್ದ ನೀನು, "ಮೈಸೂರಲ್ಲಿ ಏನೂ ಆಗಿಲ್ಲ ಕಣ್ಲಾ ಚಿಕ್ಕಮಾದ. ಇವತ್ತು ಬೆಳಿಗ್ಗೆ ನಾನೇ ಇವಳ ಕೈಲಿ ನೆಂದ ಸೊಪ್ಪು ಕಟ್ಟಿಸ್ದೆ. ಸೊಪ್ಪಿನ ನಂಜು ಹತ್ಬುಟ್ಟದೆ" ಎಂದುಬಿಟ್ಟೆ. ನಮ್ಮ ಕಡೆ ಇದನ್ನು ಯಾರೂ ಎರಡನೆಯ ಸಲ ಕೇಳುವುದಿಲ್ಲ. ಮಳೆಯಲ್ಲಿ ನೆಂದ ಹೊಗೆಸೊಪ್ಪನ್ನು ಬರಿಗೈಯಲ್ಲಿ ಹಿಡಿದವರಿಗೆ ತಲೆ ಸುತ್ತಿ, ವಾಂತಿಯಾಗಿ, ಎದೆ ಹಾರುವುದನ್ನು ಎಲ್ಲರೂ ಕಂಡಿದ್ದಾರೆ. ಅಪ್ಪ ನಂಬಿದರು. "ಓದೋ ಮಗೀನ ಕೈಲಿ ನೆಂದ ಸೊಪ್ಪು ಮುಟ್ಟಿಸ್ದೇನಕ್ಕ? ಇನ್ನು ನಿನ್ ಮನೆ ನೀರೂ ಬ್ಯಾಡ ನಂಗೆ." ನೀನು ತಲೆ ತಗ್ಗಿಸಿ ಹೊರಟುಹೋದೆ. ನಾನು ಗೋಡೆ ನೋಡುತ್ತಾ ಕೂತಿದ್ದೆ.

ಆಮೇಲೆ ಅಪ್ಪನಿಗೆ ತಿಳಿಯದ ಹಾಗೆ ದಿನವೂ ನಿನ್ನ ಬಳಿ ಓಡಿ ಬರುತ್ತಿದ್ದೆ. ಒಬ್ಬಳೇ ಇದ್ದರೆ ಸತ್ತುಹೋಗುತ್ತೇನೆ ಅನ್ನಿಸುತ್ತಿತ್ತು. ಬೆರಳಿಗೆ ಸಿಕ್ಕಿಸಿ ನಾಡಿ ನೋಡುವ ಪುಟ್ಟ ಮಿಷನ್ನು ಕೊಂಡುಕೊಂಡು ದಿನಕ್ಕೆ ನಲವತ್ತು ಸಲ ನೋಡುತ್ತಿದ್ದೆ. ಎಂಬತ್ತು ತೋರಿಸಿದರೆ ಏರುತ್ತಿದೆ ಎಂದು ಭಯ, ಎಪ್ಪತ್ತು ತೋರಿಸಿದರೆ ಇಳಿಯುತ್ತಿದೆ ಎಂದು ಭಯ. ಮೂರು ಇಸಿಜಿ ಆದವು. ಕಾಫಿ ಬಿಟ್ಟೆ, ಸ್ಕೂಟಿ ಬಿಟ್ಟೆ. "ಇವತ್ತು ಯಾವ ಕಾಯ್ಲೆ ಕಣವ್ವ?" ಎಂದು ನೀನು ಕೇಳುತ್ತಿದ್ದೆ. ನಾನು ಹೇಳಿದರೆ, "ಅದು ಓದ್ ವಾರಾನೇ ಬಂದೋಯ್ತಲ್ಲ" ಎನ್ನುತ್ತಿದ್ದೆ. ಆ ದಿನಗಳಲ್ಲಿ ನಾನು ನಕ್ಕದ್ದು ಅದಕ್ಕೊಂದಕ್ಕೇ.

ಊರಿನಲ್ಲಿ ಸೊಪ್ಪು ಬೇಯಿಸುವವರೆಲ್ಲ ಗಂಡಸರು, ನಿನ್ನೊಬ್ಬಳನ್ನು ಬಿಟ್ಟು. ಐದಾರು ದಿನದ ಬೇಯುವಿಕೆಯಲ್ಲಿ ಯಾವ ಹೊತ್ತಿಗೆ ಎಷ್ಟು ಸೌದೆ, ಎಷ್ಟು ಡಿಗ್ರಿ ಎಂಬುದೆಲ್ಲ ನಿನ್ನ ತಲೆಯಲ್ಲಿತ್ತು. ಅಕ್ಷರ ಬಾರದ ನೀನು ಗಾಜಿನ ಕಿಂಡಿಯಿಂದ ಒಳಗಿನ ಥರ್ಮಾಮೀಟರಿನ ಗೆರೆ ಓದುವಾಗ ನನಗೆ ಹೆಮ್ಮೆಯಾಗುತ್ತಿತ್ತು. ಒಂದು ದಿನ ನೀನು ಸೌದೆ ತರಲು ಹೋದಾಗ, ಸೊಪ್ಪು ಹಳದಿಗೆ ತಿರುಗಿತೋ ಇಲ್ಲವೋ ಎಂದು ನಾನು ಬ್ಯಾರನ್ ಬಾಗಿಲು ತೆಗೆದೆ. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದೆ. ನೀನು ಸೌದೆ ಎಸೆದು ಓಡಿ ಬಂದೆ. "ತೆಗ್ದು ತೆಗ್ದು ನೋಡಿದ್ರೆ ಕಾವೆಲ್ಲ ಓಯ್ತದೆ ಕಣೇ! ಸೊಪ್ಪು ಅದ್ರ ಪಾಡ್ಗೆ ಬೇಯ್ಲಿ ಬುಡು. ಒತ್ಗೊಂದ್ಸಲ ಕಿಂಡೀಲಿ ನೋಡು, ಸಾಕು."

ಬೈದು ಮುಗಿಸಿ ನೀನು ನನ್ನ ಬೆರಳನ್ನೇ ನೋಡಿದೆ. ಅದಕ್ಕೆ ಸಿಕ್ಕಿಸಿದ್ದ ಮಿಷನ್ನನ್ನು ಕಿತ್ತು ಕಿಂಡಿಯ ಪಕ್ಕದ ಮೊಳೆಗೆ ನೇತುಹಾಕಿದೆ. ನೀನು ಥರ್ಮಾಮೀಟರ್ ನೋಡುವ ಹೊತ್ತಿಗೆ ಮಾತ್ರ ನಾನು ಅದನ್ನು ಮುಟ್ಟಬಹುದು ಎಂದು ಕಟ್ಟುಮಾಡಿದೆ. ಮೊದಲ ದಿನ ಗಂಟೆಗೊಮ್ಮೆ. ಆ ಒಂದೊಂದು ಗಂಟೆಯನ್ನೂ ಹಲ್ಲು ಕಚ್ಚಿ ಕಳೆದೆ, ಮನಸ್ಸಿನಲ್ಲೇ ನಿನಗೆ ಶಾಪ ಹಾಕಿದೆ. ಆ ವರ್ಷದ ಬ್ಯಾರನ್ ಕೆಲಸ ಮುಗಿಯುವಷ್ಟರಲ್ಲಿ ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲಕ್ಕೆ ಬಂದು ನಿಂತಿತ್ತು.

ಅಷ್ಟಕ್ಕೇ ಸುಮ್ಮನಾಗುವವಳೇ ನೀನು? ಹುಣಸೂರಿನ ಡಾಕ್ಟರ ಮುಂದೆ ಕೂರಿಸಿ, "ನಿಜ ಯೋಳ್ತೀಯೋ, ನಾನ್ ಯೋಳ್ಲೋ?" ಎಂದೆ. ಅದುವರೆಗೆ ಯಾವ ಡಾಕ್ಟರಿಗೂ ಗಾಂಜಾದ ಮಾತೆತ್ತಿರಲಿಲ್ಲ. ಅಂದು ನಾನೇ ಹೇಳಿದೆ. ಎದೆಗೆ ಏನೂ ಆಗಿಲ್ಲ, ಇದು ಭಯದ ಕಾಯಿಲೆ, ಇದಕ್ಕೂ ಚಿಕಿತ್ಸೆ ಇದೆ ಎಂದು ಅವರು ಮೈಸೂರಿನ ಆಪ್ತಸಮಾಲೋಚಕಿಯ ಹತ್ತಿರ ಕಳಿಸಿದರು. ಎಂಟು ಸಲವೂ ಜೊತೆಗೆ ಬಂದವಳು ನೀನೇ. ಪದೇ ಪದೇ ನಾಡಿ ನೋಡಿಕೊಳ್ಳುವುದನ್ನು ಮೆಲ್ಲಗೆ ಕಡಿಮೆ ಮಾಡೋಣ ಎಂದು ಆ ಮೇಡಂ ಹೇಳಿದಾಗ, ನಮ್ಮತ್ತೆ ಆಗಲೇ ಶುರುಮಾಡಿಸಿದ್ದಾರೆ ಎಂದೆ. ನೀನು ಹೊರಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದೆ.

ಬೇಗೂರಿನ ಕೆಲಸ ಸಿಕ್ಕಿದಾಗ ನಾನು ಮೊದಲು ಹುಡುಕಿದ್ದು ಅಲ್ಲಿಂದ ದೊಡ್ಡಾಸ್ಪತ್ರೆ ಎಷ್ಟು ದೂರವೆಂದು. ಬೇಡವೆನ್ನಲು ಸಿದ್ಧವಾಗಿದ್ದವಳನ್ನು ನೀನು ಬಸ್ಸಿನವರೆಗೂ ದೂಡಿಕೊಂಡು ಬಂದೆ. ಹೊರಡುವಾಗ ಕೈ ಚಾಚಿ, ನಾನು ಮೊಳೆಯಿಂದ ತೆಗೆದು ಚೀಲಕ್ಕೆ ಹಾಕಿಕೊಂಡಿದ್ದ ಮಿಷನ್ನನ್ನು ಇಸಿದುಕೊಂಡೆ. "ಇದು ಮೊಳೆ ಮೇಲೇ ಇರ್ಲಿ. ನೋಡ್ಬೇಕು ಅನ್ಸಿದ್ರೆ ಊರ್ಗೆ ಬಂದು ನೋಡು." ಎಚ್.ಡಿ. ಕೋಟೆ ದಾಟಿ ಕಾಡು ಶುರುವಾದಾಗ ಸಿಗ್ನಲ್ ಹೋಯಿತು, ನನ್ನ ಎದೆ ತನ್ನ ಕೆಲಸ ಶುರುಮಾಡಿತು. ನೋಡಲು ಕೈಯಲ್ಲಿ ಏನೂ ಇರಲಿಲ್ಲ. ಅದರ ಪಾಡಿಗೆ ಬೇಯಲಿ ಎಂದು ಕೂತೆ. ಬೇಗೂರು ಬಂತು, ಇಳಿದೆ. ಹೋದ ತಿಂಗಳು ಆನೆ ಅಡ್ಡ ನಿಂತು ಬಸ್ಸು ನಿಂತಾಗ ಎಲ್ಲರೂ ಎದೆ ಹಿಡಿದುಕೊಂಡಿದ್ದರು. ಅಭ್ಯಾಸವಿದ್ದವಳು ನಾನೊಬ್ಬಳೇ, ಕಡಲೆಕಾಯಿ ಬಿಡಿಸಿ ತಿಂದೆ. ಹಾಗೆಂದು ಭಯ ಪೂರ್ತಿ ಹೋಗಿಲ್ಲ. ವಾರಕ್ಕೊಮ್ಮೆಯಾದರೂ ಬರುತ್ತದೆ, ಸ್ವಲ್ಪ ಹೊತ್ತಿದ್ದು ಹೋಗುತ್ತದೆ.

ಅತ್ತೆ, ನಿನ್ನಷ್ಟು ದೊಡ್ಡ ಮನಸ್ಸಿನವರನ್ನು ನಾನು ಕಂಡಿಲ್ಲ. ಅಂದು ಹೊಸಿಲಲ್ಲಿ ಹೇಳಿದ ಒಂದು ಸುಳ್ಳಿಗೆ ಎರಡು ವರ್ಷ ನೀನು ದಂಡ ತೆತ್ತೆ. ಒಡಹುಟ್ಟಿದ ತಮ್ಮ ನಿನ್ನ ಮನೆಯಲ್ಲಿ ಒಂದು ಲೋಟ ನೀರು ಕುಡಿಯಲಿಲ್ಲ. ಯುಗಾದಿಗೆ ನೀನು ಕಳಿಸಿದ ಒಬ್ಬಟ್ಟು ಹಾಗೇ ವಾಪಸು ಬಂತು. ನಿಜ ಹೇಳಿಬಿಡುತ್ತೇನೆ ಎಂದಾಗಲೆಲ್ಲ, "ಮೊದ್ಲು ನೀನ್ ಗಟ್ಟಿಯಾಗು" ಎನ್ನುತ್ತಿದ್ದೆ. ಈಗ ಗಟ್ಟಿಯಾಗಿದ್ದೇನೆ. ಅದಕ್ಕೇ ಈ ಕಾಗದವನ್ನು ಅಪ್ಪನಿಗೆ ಕಳಿಸಿ, ನಿನ್ನ ಮನೆಗೆ ಹೋಗಿ, ನಿನ್ನ ಮುಂದೆಯೇ ಒಡೆದು ಓದಬೇಕೆಂದು ಕೇಳಿಕೊಂಡೆ. ಇಷ್ಟು ಹೊತ್ತು ಓದಿದವರು ಅವರೇ.

ಅಪ್ಪ ಕಾಗದ ಮಡಚಲು ಹೊರಟಿರಬಹುದು. ಮಾತು ಕೊಟ್ಟಿದ್ದಾರೆ, ಈ ಕೊನೆಯ ಸಾಲುಗಳನ್ನೂ ಓದಲಿ. ಅವರ ಸಿಟ್ಟು ನನಗೆ ಸೇರಬೇಕಾದದ್ದು, ಶನಿವಾರ ಊರಿಗೆ ಬಂದು ತೆಗೆದುಕೊಳ್ಳುತ್ತೇನೆ. ನೀನು ಅವರ ಮುಖ ನೋಡುತ್ತಾ ಕೂರಬೇಡ ಅತ್ತೆ. ಈಗ ಏಳಬಹುದು. ಒಳಗೆ ಹೋಗಿ ಮುದ್ದೆಗೆ ಎಸರಿಡು, ಇಬ್ಬರಿಗೆ.

ಈ ಸಲದ ಸೊಪ್ಪು ನಿನ್ನ ಕಾವಿನಲ್ಲಿ ಬಂಗಾರದ ಬಣ್ಣಕ್ಕೆ ತಿರುಗಲಿ. ನಿನ್ನ ಕೈ ನನ್ನ ತಲೆಯ ಮೇಲೆ ಹೀಗೇ ಇರಲಿ.

ನಿನ್ನ ಸೋದರ ಸೊಸೆ,
ಸಂಘಮಿತ್ರ
ಎನ್. ಬೇಗೂರು