ಶೇಂಗಾದ ಸಾಲು

12 ನವೆಂಬರ್ 2025, ಬುಧವಾರ

ಊಟ ಸೇರಲಿಲ್ಲ. ಎರ್ರೆಮ್ಮನವರ ಮಾತೇ ಕಿವಿಯಲ್ಲಿದೆ.

ಕಡ್ಡಿರಾಂಪುರದ ಅವರ ಹೋಂಸ್ಟೇಗೆ ವೆಬ್ ಪುಟ ಮಾಡಿಕೊಟ್ಟವಳು ನಾನು. ‘ನಮ್ಮ ಪಲ್ಯಗಳಲ್ಲಿ ಶೇಂಗಾ ಪುಡಿ ಇರುತ್ತದೆ’ ಎಂಬ ಸಾಲು ಲ್ಯಾಪ್‌ಟಾಪಿನಲ್ಲಿ ಊಟದ ಫೋಟೋ ಪಕ್ಕ ಚೆನ್ನಾಗಿ ಕೂತಿತ್ತು. ಫೋನಿನ ಸಣ್ಣ ಪರದೆಯಲ್ಲಿ ಮಾತ್ರ ಫೋಟೋ ಮೇಲೆಯೇ ಬಂದು ಬೀಳುತ್ತಿತ್ತು. ಅಂದಗೆಡುತ್ತದೆಂದು, ಪರದೆ ಕಿರಿದಾದರೆ ಆ ಸಾಲೇ ಕಾಣದ ಹಾಗೆ ಮಾಡಿಬಿಟ್ಟಿದ್ದೆ.

ಇವತ್ತು ಮಧ್ಯಾಹ್ನ ಅಲ್ಲಿ ಬದನೆಕಾಯಿ ಪಲ್ಯ ತಿಂದ ಆರು ವರ್ಷದ ಹುಡುಗಿಯ ಮುಖ ಬಾತುಕೊಂಡು ಉಸಿರು ಕಟ್ಟಿತಂತೆ. ಅವಳಿಗೆ ಶೇಂಗಾ ಆಗುವುದಿಲ್ಲ. ಹೊಸಪೇಟೆಯ ಆಸ್ಪತ್ರೆಗೆ ಕರೆದೊಯ್ದು ಇಂಜೆಕ್ಷನ್ ಕೊಡಿಸಿದ ಮೇಲೆ ಉಸಿರಾಟ ಸರಿಹೋಯಿತಂತೆ.

ಎರ್ರೆಮ್ಮ ಫೋನ್ ಮಾಡಿದ್ದರು. “ಶೇಂಗಾ ಇರತೈತಿ ಅಂತ ನಾವು ಬರದು ಹಾಕೀವಲ್ಲ, ಸಂಘಮಿತ್ರಾ. ಆ ಹುಡುಗಿ ಅವ್ವ ಅದನ್ನ ಓದಿಲ್ಲ. ನಾನ ಫೋನ್‌ನ್ಯಾಗ ಸರಿಯಾಗಿ ನೋಡ್ಲಿಲ್ಲ ಅಂತ ಅಕಿ ಭಾಳ ಅಳಾಕತ್ತಿದ್ಲು, ಪಾಪ.”

ಆ ತಾಯಿ ಸರಿಯಾಗಿಯೇ ನೋಡಿದ್ದಾಳೆ. ಸಾಲು ಅಲ್ಲಿರಲಿಲ್ಲ. ಅದನ್ನು ಎರ್ರೆಮ್ಮನವರಿಗೆ ಹೇಳದೆ “ಹೌದ್ರಿ” ಅಂದುಬಿಟ್ಟೆ.

ಸಾಲನ್ನು ಈಗ ವಾಪಸ್ ತಂದಿದ್ದೇನೆ. ಫೋನಿನಲ್ಲಿ ಹತ್ತು ಸಲ ನೋಡಿದೆ, ಇದೆ. ಆದರೆ ಕಂಪ್ಲಿಯ ದವಾಖಾನೆಗೆ ಮಾಡಿದ ಪುಟದಲ್ಲೂ ಫೋನಿಗೆಂದು ಒಂದು ಸಾಲು ಮರೆಮಾಡಿದ ನೆನಪು. ಯಾವ ಸಾಲು ಅದು? ಈಗಲೇ ತೆರೆದು ನೋಡಬೇಕು.