ಹೆಸರಿನ ನಡುವಿನ ಖಾಲಿ ಜಾಗ

ಹಾಸನ
12 ಆಗಸ್ಟ್ 2009

ಸಂಪತ್ಕುಮಾರ್ ಸರ್ ಅವರಿಗೆ ನಮಸ್ಕಾರ.

ನಮ್ಮ ಆಲೂಗಡ್ಡೆ ದರದ ವೆಬ್‌ಸೈಟಿನಲ್ಲಿ ಆದ ತಪ್ಪಿಗೆ ನಿನ್ನೆ ನೀವು ರಂಜನಿಯನ್ನು ಬೈದಿರಿ. ಅದರಲ್ಲಿ ದರ ತೋರಿಸುವ ಪ್ಲಗಿನ್ ಎಂಬ ಪುಟ್ಟ ಪ್ರೋಗ್ರಾಂ ಅವಳು ಬರೆದದ್ದು ನಿಜ. ಊರಿನ ಹೆಸರನ್ನು ವೆಬ್ ವಿಳಾಸಕ್ಕೆ ಸೇರಿಸಿ ಸರ್ವರಿಗೆ ಕಳಿಸಿದರೆ ಆ ಊರಿನ ದರ ಬರಬೇಕು. ಅರಕಲಗೂಡಿಗೆ ಸರಿಯಾಗಿಯೇ ಬಂತು. ‘ಸಿ ಆರ್ ಪಟ್ಟಣ’ ಎಂಬಲ್ಲಿ ಮಾತ್ರ ಅಕ್ಷರಗಳ ನಡುವೆ ಖಾಲಿ ಜಾಗವಿದೆ. ವಿಳಾಸ ಅಲ್ಲಿಗೇ ತುಂಡಾಗಿ, ಊರು ಗೊತ್ತಾಗದೆ ಸರ್ವರ್ ಹಾಸನದ ದರವನ್ನೇ ಕೊಡುತ್ತಿತ್ತು.

ಇದು ನನಗೆ ಹದಿನೈದು ದಿನದಿಂದ ಗೊತ್ತಿತ್ತು. ನಾಲ್ಕು ವರ್ಷ ನಾನು ಮಾಡಿದ ಕೆಲಸವನ್ನು ನೀವು ಅವಳಿಗೆ ಕೊಟ್ಟಿದ್ದಿರಿ. ನಾನು ಹೇಳಲಿಲ್ಲ.

ಬಾಗೂರಿನ ಚನ್ನಪ್ಪನವರು ಬಂದು, “ನಿಮ್ ರೇಟ್ ನಂಬ್ಕಂಡು ಮೂಟೆ ಏರ್ಕಂಡ್ ಓದೆ ಕಣವ್ವಾ, ಸಿ ಆರ್ ಪಟ್ಣದಲ್ಲಿ ನೋಡುದ್ರೆ ಬ್ಯಾರೇನೇ ಐತೆ” ಎಂದಾಗ ರಂಜನಿ ಕೈಮುಗಿದು ಅತ್ತಳು. ಪಕ್ಕದಲ್ಲೇ ನಿಂತಿದ್ದ ನನಗೆ ಒಂದು ಕ್ಷಣ ಸಂತೋಷವಾಯಿತು.

ಇವತ್ತು ಬೆಳಿಗ್ಗೆ ಆ ಸಾಲು ತಿದ್ದಿದ್ದೇನೆ. ಈಗ ಹೆಸರು ಮೊದಲು ಎನ್‌ಕೋಡ್ ಆಗಿ, ಅಂದರೆ ಖಾಲಿ ಜಾಗದಲ್ಲಿ ಒಂದು ಸಂಕೇತ ಕೂತು, ಆಮೇಲೆ ವಿಳಾಸಕ್ಕೆ ಸೇರುತ್ತದೆ. ದಯವಿಟ್ಟು ಅವಳನ್ನು ಕೆಲಸದಿಂದ ತೆಗೆಯಬೇಡಿ. ಅವಳ ಉಳಿದ ಕೋಡನ್ನೆಲ್ಲ ಮೂರು ಸಲ ಓದಿದೆ. ಇನ್ನೊಂದು ತಪ್ಪು ಸಿಗಲಿ ಎಂದೇ ಹುಡುಕಿದೆ. ಸಿಗಲಿಲ್ಲ.

ನಾಳೆ ನಿಮ್ಮೆದುರು ಬಂದು ನಿಲ್ಲುವ,
ಹಂಸ